ಪೆರ್ಡೂರಿನ ಅಡ್ಕದ ಹಾದಿ

ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಉಡುಪಿಯತ್ತ ಧಾವಿಸುವ ವಾಹನಕ್ಕೆ ಪೆರ್ಡೂರು ಎರಡು ನಿಮಿಷಗಳ ಊರು. ಭಕ್ತರು ಕುಳಿತಲ್ಲಿಂದಲೇ ಅನಂತಪದ್ಮನಾಭನಿಗೆ ಕೈಮುಗಿಯುತ್ತಾರೆ. ಅಂಗಡಿಗಳ ಮುಂದೆ ತೂಗುವ ಬಾಳೆಗೊನೆಗಳು ಕಣ್ಣೆದುರು ಸರಿದುಹೋಗುತ್ತವೆ. ಮರುಗಳಿಗೆಯಲ್ಲಿ ಊರು ಹಿಂದಾಗುತ್ತದೆ. ಅನಂತರ ಎಡಬಲಗಳಲ್ಲಿ ಕಾಣುವುದು ಗದ್ದೆ, ತೋಟ, ಅವುಗಳ ನಡುನಡುವೆ ಕೆಂಪು ಕಲ್ಲಿನ ಬೋಳುಗುಡ್ಡಗಳು, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ನೋಡತಕ್ಕದ್ದೇನೂ ಇಲ್ಲವೆಂದು ಪಯಣಿಗರು ಕಣ್ಣು ಮುಚ್ಚಿ ತೂಕಡಿಸುವ ಹೊತ್ತು ಅದು.

ಆ ಬೋಳುಗುಡ್ಡಗಳ ನೆತ್ತಿಯ ಸಮತಟ್ಟಾದ ಬಯಲಿಗೆ ತುಳುನಾಡಿನಲ್ಲಿ ಒಂದು ಹೆಸರುಂಟು: ಅಡ್ಕ. ಕೆಲವೆಡೆ ಪದವು ಎಂದೂ ಹೇಳುತ್ತಾರೆ. ಮುರಕಲ್ಲಿನ ಹಾಸು, ಅದರ ಮೇಲೆ ಬೆರಳುದ್ದದ ಮಣ್ಣು, ಮಣ್ಣಿನ ತುಂಬ ಹುಲ್ಲು. ಉಳುವವನ ಕಣ್ಣಿಗೆ ಅದು ನಿರುಪಯುಕ್ತ. ಸರಕಾರದ ಕಡತಗಳಲ್ಲಿ ಬಹುಮಟ್ಟಿಗೆ ಬಂಜರು. ಆದರೆ ಈ ನಾಡಿನ ಊರುಗಳು ಹುಟ್ಟಿದ್ದೇ ಅಡ್ಕಗಳ ಮಗ್ಗುಲಲ್ಲಿ. ಪೆರ್ಡೂರಿಗೆ ಹೋಗುವ ದಾರಿಯ ಹಿರಿಯಡ್ಕವೆಂದರೆ ಹಿರಿದಾದ ಅಡ್ಕ. ಕಾಸರಗೋಡಿನ ಕಡೆಯ ಬದಿಯಡ್ಕವೂ ಅದೇ ಬಳ್ಳಿಯ ಹೆಸರು. ಜನರು ಬೆಲೆಯಿಲ್ಲದ ನೆಲದಿಂದ ತಮ್ಮೂರಿಗೆ ಹೆಸರನ್ನು ಪಡೆಯುವುದಿಲ್ಲ. ಆ ಬೆಲೆ ಯಾವುದೆಂದು ತಿಳಿಯಬೇಕಾದರೆ ವಾಹನದಿಂದ ಇಳಿದು ನಡೆಯಬೇಕು.

ಒಂದೇ ದಿನದ ದಾರಿಯಲ್ಲ

ಉಡುಪಿಯಿಂದ ಪೆರ್ಡೂರಿಗೆ ಸುಮಾರು 22 ಕಿಲೋಮೀಟರ್. ಅಲ್ಲಿಂದ ಹೆಬ್ರಿಗೆ ಇನ್ನೂ 12 ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಇದನ್ನು ಮುಗಿಸಿಯಾರು. ಆದರೆ ಕಾಲಿನ ಶಕ್ತಿಯನ್ನು ಪರೀಕ್ಷಿಸುವುದಕ್ಕೆ ಈ ದಾರಿಯೇ ಬೇಕೆಂದಿಲ್ಲ. ಇದನ್ನು ಹಂತಹಂತವಾಗಿ ನಡೆಯುವುದು ಲೇಸು. ಅದರಲ್ಲಿಯೂ ಒಂದೊಂದು ಹಂತವನ್ನು ಒಂದೊಂದು ಋತುವಿನಲ್ಲಿ ನಡೆಯುವುದು ಇನ್ನೂ ಲೇಸು. ಭಾನುವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಮಧ್ಯಾಹ್ನದ ಬಿಸಿಲೇರುವ ಮೊದಲು ಒಂದು ಊರನ್ನು ಮುಟ್ಟಿ, ಬಸ್ಸಿನಲ್ಲಿ ಮನೆಗೆ ಮರಳಬಹುದು. ಮುಂದಿನ ಬಾರಿ ನಿಂತಲ್ಲಿಂದಲೇ ಹೊರಟರಾಯಿತು. ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯುವ ಸಂಸಾರಗಳಿಗೆ ಇದಕ್ಕಿಂತ ಸುಲಭವಾದ ಏರ್ಪಾಡು ಬೇರೆ ಇಲ್ಲ.

ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 169ಎ. ವಾಹನಗಳ ಭರಾಟೆ ದಿನದಿನಕ್ಕೆ ಹೆಚ್ಚುತ್ತಿರುವುದರಿಂದ ಹೆದ್ದಾರಿಯ ಅಂಚಿನಲ್ಲಿ ನಡೆಯುವುದರಲ್ಲಿ ಸುಖವಿಲ್ಲ. ಅದೃಷ್ಟವಶಾತ್ ಹೆದ್ದಾರಿಯ ಇಕ್ಕೆಲಗಳಲ್ಲಿ ಊರೂರನ್ನು ಕೂಡಿಸುವ ಒಳದಾರಿಗಳು ಬೇಕಾದಷ್ಟಿವೆ. ಯಾವ ಮನೆಯ ಮುಂದೆ ನಿಂತು ಕೇಳಿದರೂ ದಾರಿ ತೋರಿಸುವವರಿದ್ದಾರೆ. “ಎಲ್ಲಿಗೆ ಹೊರಟದ್ದು? ನಡೆದುಕೊಂಡೇ? ಬಸ್ಸು ಉಂಟಲ್ಲ ಮಾರಾಯ್ರೆ!” ಎಂಬ ಅಚ್ಚರಿಯ ಮಾತನ್ನು ಕೇಳುವುದಕ್ಕೆ ಮಾತ್ರ ಸಿದ್ಧರಾಗಿರಬೇಕು.

ಮೊದಲನೆಯ ಹಂತ: ಆಟಿಯ ಮಳೆಯಲ್ಲಿ

ಹೊರಡುವುದಕ್ಕೆ ತಕ್ಕ ಎಡೆ ಮಣಿಪಾಲ. ತಕ್ಕ ಕಾಲ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಗಾಲ. ಇಂದು ಮುಗಿಲೆತ್ತರದ ಕಟ್ಟಡಗಳಿರುವ ಮಣಿಪಾಲವೂ ಮೂಲದಲ್ಲಿ ಒಂದು ಬೋಳುಗುಡ್ಡವೇ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಆಮೇಲೆ ಊರು ಬೆಳೆದ ಬಗೆಯನ್ನು ಲೋಕವೇ ಬಲ್ಲದು. ಆದರೆ ಊರಿನ ಹೆಸರು ಇನ್ನೂ ಹಳೆಯ ಕಥೆಯನ್ನೇ ಹೇಳುತ್ತಿದೆ. ಮಣ್ಣು ಮತ್ತು ಪಳ್ಳ ಸೇರಿ ಮಣ್ಣಪಳ್ಳ, ಪಳ್ಳವೆಂದರೆ ಕೆರೆ. ಮಣ್ಣಪಳ್ಳವೇ ಮಾತಿನ ಸವೆತದಲ್ಲಿ ಮಣಿಪಾಲವಾಯಿತೆಂದು ಹೇಳುತ್ತಾರೆ. ಆ ಕೆರೆ ಇಂದಿಗೂ ಅಲ್ಲಿದೆ. ಸಂಜೆ ಅದರ ದಂಡೆಯಲ್ಲಿ ಜನ ನಡೆದಾಡುತ್ತಾರೆ. ಬೋಳುಗುಡ್ಡದ ಮೇಲೊಂದು ಕೆರೆ ಎಂಬ ವಿಚಿತ್ರವನ್ನು ನಡಿಗೆಯವರು ಆರಂಭದಲ್ಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಗುಡ್ಡದ ಅಂಚಿಗೆ ಬಂದು ನಿಂತರೆ ಕೆಳಗೆ ಸ್ವರ್ಣಾ ನದಿ ಬಳುಕಿ ಹರಿಯುವುದು ಕಾಣುತ್ತದೆ. ಅದರ ಎರಡು ದಡಗಳಲ್ಲೂ ತೆಂಗು, ಅದರಾಚೆ ಹಸುರು ಗದ್ದೆ. ಮೂಡಣ ದಿಕ್ಕಿನಲ್ಲಿ ಮೋಡದೊಳಗೆ ಮುಳುಗಿದ ಘಟ್ಟದ ಸಾಲು. ನಡಿಗೆಯ ದಿಕ್ಕು ಅದೇ.

ಮಳೆ ಒಂದಿಷ್ಟು ಬಿಡುವು ಕೊಟ್ಟ ಹೊತ್ತಿನಲ್ಲಿ, ಇನ್ನೂ ಕಟ್ಟಡವೇಳದೆ ಉಳಿದಿರುವ ಮುರಕಲ್ಲಿನ ಹಾಸಿನ ಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲದೆ ನಿಲ್ಲಬೇಕು. ಕಲ್ಲಿನ ತಗ್ಗುಗಳಲ್ಲೆಲ್ಲ ನೀರು ನಿಂತಿರುತ್ತದೆ. ಜೀರುಂಡೆಯ ದನಿಯಂತಹ ಒಂದು ಸದ್ದು ಕೇಳಿಬರುತ್ತದೆ. ಅದು ಜೀರುಂಡೆಯೇ ಆಗಿರಬೇಕೆಂದಿಲ್ಲ. ಒಂದು ಕಪ್ಪೆಯೂ ಆಗಿರಬಹುದು. ಹೆಬ್ಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲದ, 1.6 ಸೆಂಟಿಮೀಟರಿನಷ್ಟು ಉದ್ದದ ಈ ಜೀವಿಯನ್ನು ವಿಜ್ಞಾನಿಗಳು ಮಣಿಪಾಲದ ಸುತ್ತಮುತ್ತ ಕಂಡು, 2016ರಲ್ಲಿ ಹೊಸ ಜಾತಿಯೆಂದು ಲೋಕಕ್ಕೆ ತಿಳಿಸಿದರು. ಕೆ. ಎಸ್. ಶೇಷಾದ್ರಿ, ಕೆ. ವಿ. ಗುರುರಾಜ ಮೊದಲಾದವರ ಆ ತಂಡವು ಅದಕ್ಕೆ ಕೊಟ್ಟ ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಕಪ್ಪೆಗೆ ಕಲ್ಲಿನ ಹೆಸರನ್ನಿಟ್ಟದ್ದು ಉದ್ದೇಶಪೂರ್ವಕವಾಗಿಯೇ. ಪಾಳು ಎಂದು ಬಗೆದು ಜನರು ಕಸ ಸುರಿಯುವ ಈ ಕಲ್ಲಿನ ನೆಲದ ಕಡೆಗೆ ಕಣ್ಣುಗಳು ತಿರುಗಲೆಂಬುದೇ ಅವರ ಆಶಯ. ಸಾವಿರಾರು ವಿದ್ಯಾರ್ಥಿಗಳಿರುವ ವಿದ್ಯಾನಗರಿಯ ಮಗ್ಗುಲಲ್ಲೇ ಅದುವರೆಗೆ ಹೆಸರಿಲ್ಲದೆ ಕೂಗುತ್ತಿದ್ದ ಜೀವಿಯದು.

ಈ ಕಲ್ಲಿನ ಹೆಸರಿಗೂ ಒಂದು ಚರಿತ್ರೆಯಿದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ವಿಚಿತ್ರ ಶಿಲೆಯನ್ನು ಮಲಬಾರಿನಲ್ಲಿ ಕಂಡು ಬೆರಗಾದನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಅವನ ಗ್ರಂಥ ಪ್ರಕಟವಾದ ಮೇಲೆ ಲೋಕದ ಭೂವಿಜ್ಞಾನಿಗಳೆಲ್ಲ ಅದೇ ಹೆಸರನ್ನು ಬಳಸತೊಡಗಿದರು. ಕರಾವಳಿಯ ಜನ ಮಾತ್ರ ಅದಕ್ಕೆ ಬಹಳ ಹಿಂದೆಯೇ ಮುರಕಲ್ಲು ಎಂದು ಹೆಸರಿಟ್ಟು, ಕಡಿದು, ಮನೆ ಕಟ್ಟಿ, ಬಾವಿ ತೋಡಿ ಬಾಳಿದ್ದರು.

ಮಣಿಪಾಲದಿಂದ ಪರ್ಕಳ, ಆತ್ರಾಡಿಗಳ ಮೂಲಕ ಹಿರಿಯಡ್ಕಕ್ಕೆ ಸುಮಾರು 11 ಕಿಲೋಮೀಟರ್. ಏರಿದರೆ ಅಡ್ಕ, ಇಳಿದರೆ ಬಯಲು, ಮತ್ತೆ ಏರಿದರೆ ಅಡ್ಕ. ಈ ಏರಿಳಿತದ ಲಯವು ಕಾಲಿಗೆ ಅಭ್ಯಾಸವಾಗುವ ಹೊತ್ತಿಗೆ ಹಿರಿಯಡ್ಕದ ವೀರಭದ್ರ ದೇವಾಲಯ ಸಮೀಪಿಸುತ್ತದೆ. ಬಿಸಿ ಚಹ, ಗೋಳಿಬಜೆಗಳೊಂದಿಗೆ ಮೊದಲ ಹಂತ ಮುಗಿಯುತ್ತದೆ.

ಎರಡನೆಯ ಹಂತ: ಸೋಣದ ಹೂಗಳ ನಡುವೆ

ಆಟಿ ಕಳೆದು ಸೋಣ ಬಂದಾಗ ಮಳೆಯ ಆರ್ಭಟ ತಗ್ಗಿ ಬಿಸಿಲು ಇಣುಕುತ್ತದೆ. ಹಿರಿಯಡ್ಕದಿಂದ ಪೆರ್ಡೂರಿಗೆ ಇರುವ ಸುಮಾರು 7 ಕಿಲೋಮೀಟರ್ ದಾರಿಗೆ ಇದೇ ಶ್ರೇಷ್ಠ ಕಾಲ. ಎರಡು ಗಂಟೆಗಳಲ್ಲಿ ಮುಗಿಯಬಹುದಾದ ಈ ದೂರಕ್ಕೆ ಇಡೀ ಬೆಳಗನ್ನು ಕೊಡುವುದೇ ಸರಿ.

ದಾರಿಯ ನಡುವೆ ಪುತ್ತಿಗೆಯ ಬಳಿ ಸ್ವರ್ಣೆಯನ್ನು ದಾಟಬೇಕು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಪುತ್ತಿಗೆ ಮಠದ ಮೂಲಮಠ ಇಲ್ಲಿಯ ನದೀತೀರದಲ್ಲಿದೆ. ರಥಬೀದಿಯ ಗದ್ದಲದಲ್ಲಿ ಮಠವನ್ನು ಕಂಡವರಿಗೆ, ಹೊಳೆಯ ನೀರವತೆಯ ನಡುವಿನ ಈ ಮೂಲಸ್ಥಾನ ಬೇರೆಯೇ ಲೋಕದಂತೆ ತೋರುತ್ತದೆ. ಹಿರಿಯಡ್ಕದ ಸಮೀಪದಲ್ಲೇ ಬಜೆಯಲ್ಲಿ ಸ್ವರ್ಣೆಗೆ ಅಣೆಕಟ್ಟು ಕಟ್ಟಿದ್ದಾರೆ. ಉಡುಪಿ, ಮಣಿಪಾಲಗಳ ಮನೆಮನೆಯ ನಲ್ಲಿಗಳಿಗೆ ನೀರು ಬರುವುದು ಅಲ್ಲಿಂದ. ಸೋಣದಲ್ಲಿ ಸೇತುವೆಯ ಮೇಲೆ ನಿಂತು ತುಂಬಿದ ಹೊಳೆಯನ್ನು ಕಂಡವರಿಗೆ, ಈ ನೀರು ಬತ್ತೀತೆಂದು ಕನಸಿನಲ್ಲಿಯೂ ತೋರಲಾರದು.

ಸೇತುವೆ ದಾಟಿ ಮತ್ತೆ ಗುಡ್ಡವೇರಿದರೆ ಅಡ್ಕದ ಮುಖವೇ ಬದಲಾಗಿರುತ್ತದೆ. ಬೇಸಗೆಯಲ್ಲಿ ಕಾದ ಕಾವಲಿಯಂತಿದ್ದ ಕಲ್ಲಿನ ಮೇಲೆ ನೀಲಿ, ಹಳದಿ, ಬಿಳಿ, ನಸುಗೆಂಪು ಹೂಗಳು ಲೆಕ್ಕವಿಲ್ಲದಷ್ಟು ಅರಳಿರುತ್ತವೆ. ಯಾವ ಹೂವೂ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಮೊಣಕಾಲೂರಿ ಬಗ್ಗದವರಿಗೆ ಅವು ಕಾಣಿಸುವುದೂ ಇಲ್ಲ. ಇವುಗಳಲ್ಲಿ ಕೆಲವು ಹುಳು ಹಿಡಿದು ತಿನ್ನುವ ಗಿಡಗಳು! ಕಲ್ಲಿನ ಮೇಲಿನ ತೆಳುಮಣ್ಣಿನಲ್ಲಿ ಸಾರವಿಲ್ಲದ ಕಾರಣ ಡ್ರಾಸೆರಾ ಎಂಬ ಗಿಡ ತನ್ನ ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟನ್ನು ಒಸರಿಸಿ, ಕುಳಿತ ಹುಳುವನ್ನು ಅಲ್ಲಿಯೇ ಹಿಡಿದು ಜೀರ್ಣಿಸಿಕೊಳ್ಳುತ್ತದೆ. ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ನೀರಿನಡಿಯಲ್ಲಿ ಸಣ್ಣ ಚೀಲಗಳನ್ನು ಇಟ್ಟುಕೊಂಡು, ಹತ್ತಿರ ಸುಳಿದ ಕ್ರಿಮಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಒಳಗೆಳೆದುಕೊಳ್ಳುತ್ತದೆ. ಮಕ್ಕಳಿಗೆ ಪಾಠಪುಸ್ತಕದಲ್ಲಿ ಓದಿದ್ದನ್ನು ಕಾಲ ಬುಡದಲ್ಲೇ ಕಾಣುವ ಅವಕಾಶವಿದು. ಕೀಳದೆ ನೋಡಬೇಕೆಂಬ ಒಂದು ಮಾತನ್ನು ಮಾತ್ರ ಮೊದಲೇ ಹೇಳಿರಬೇಕು.

ಇದೇ ತಿಂಗಳಿನಲ್ಲಿ ಕರಾವಳಿಯ ಮನೆಗಳಲ್ಲಿ ಹೆಣ್ಣುಮಕ್ಕಳು ಹೊಸ್ತಿಲನ್ನು ತೊಳೆದು ರಂಗೋಲಿಯಿಟ್ಟು, ಗದ್ದೆಯಂಚಿನ ಪುಟ್ಟ ಹೂಗಳನ್ನಿರಿಸಿ ಪೂಜಿಸುತ್ತಾರೆ. ಸಿಂಹ ಸಂಕ್ರಮಣದಂದು ಪೆರ್ಡೂರಿನ ದೇವಾಲಯಕ್ಕೆ ಹೊಸದಾಗಿ ಮದುವೆಯಾದ ದಂಪತಿಗಳು ಬರುವ ವಾಡಿಕೆಯೂ ಉಂಟು. ಮದುಮಕ್ಕಳ ಜಾತ್ರೆಯೆಂದೇ ಅದರ ಹೆಸರು. ತುಳುನಾಡಿನಲ್ಲಿ ನವವಧು ಆಟಿಯಲ್ಲಿ ತವರಿಗೆ ಹೋಗುತ್ತಾಳೆ. ಆಟಿಯ ಅಗಲಿಕೆ ತೀರಿ ಗಂಡಹೆಂಡಿರು ಮತ್ತೆ ಜೊತೆಗೂಡಿ ದೇವರಿಗೆ ಹಣ್ಣುಕಾಯಿ ಮಾಡಿಸುವ ದಿನವದು. ಬಸ್ಸುಗಳಿಲ್ಲದ ಕಾಲದಲ್ಲಿ ಆ ಜೋಡಿಗಳು ಬಂದದ್ದು ಇಂತಹ ಕಾಲುದಾರಿಗಳಲ್ಲೇ, ಹೂಬಿಟ್ಟ ಇಂತಹ ಅಡ್ಕಗಳ ಮೇಲೆಯೇ. ಮಾತು ಕಡಿಮೆ, ಸಂಕೋಚ ಹೆಚ್ಚು ಇದ್ದ ಆ ಕಾಲದ ದಂಪತಿಗಳಿಗೆ ಈ ದೂರ ದೂರವೆನಿಸಿರಲಾರದು.

ಪೆರ್ಡೂರಿನಲ್ಲಿ

ಅನಂತಪದ್ಮನಾಭನಿಗೆ ಬಾಳೆಹಣ್ಣು ಪ್ರಿಯವೆಂಬುದು ಪ್ರತೀತಿ. ಕದಳೀಪ್ರಿಯನೆಂದೇ ಅವನನ್ನು ಕರೆಯುತ್ತಾರೆ. ಹರಕೆಯ ಬಾಳೆಹಣ್ಣು ಹೊತ್ತ ಭಕ್ತರ ಸಾಲು ಪ್ರತಿ ಸಂಕ್ರಮಣದಲ್ಲಿಯೂ ಇಲ್ಲಿ ಕಾಣುತ್ತದೆ. ಯಕ್ಷಗಾನದ ಅಭಿಮಾನಿಗಳಿಗಂತೂ ಊರಿನ ಪರಿಚಯವೇ ಬೇಡ. ದೇವರ ಹೆಸರನ್ನು ಹೊತ್ತ ಪೆರ್ಡೂರು ಮೇಳ ಬಡಗುತಿಟ್ಟಿನ ಹೆಸರಾಂತ ಡೇರೆ ಮೇಳಗಳಲ್ಲೊಂದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ರಾತ್ರಿಗಳನ್ನು ಬೆಳಗಿಸಿದ ಮೇಳವದು.

ಭೂಪಟವನ್ನು ಬಿಡಿಸಿ ನೋಡಿದರೆ ಪೆರ್ಡೂರಿನ ಇನ್ನೊಂದು ವಿಶೇಷ ತಿಳಿಯುತ್ತದೆ. ತೆಂಕಣಕ್ಕೆ ಸ್ವರ್ಣಾ, ಬಡಗಣಕ್ಕೆ ಸೀತಾ. ಘಟ್ಟದಿಂದಿಳಿದ ಎರಡು ನದಿಗಳ ನಡುವಿನ ಏರುನೆಲ ಇದು. ಎರಡೂ ಕೊನೆಗೆ ಕೋಡಿಬೆಂಗ್ರೆಯ ಬಳಿ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಪೆರ್ಡೂರಿನ ಗುಡ್ಡದ ನೆತ್ತಿಯ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಸ್ವರ್ಣೆಯ ದಾರಿಯನ್ನೂ ಇನ್ನೊಂದು ಸೀತೆಯ ದಾರಿಯನ್ನೂ ಹಿಡಿದು, ಮತ್ತೆ ಕಡಲಂಚಿನಲ್ಲಿ ಕೂಡಿಕೊಳ್ಳಬಹುದು.

ಮೂರನೆಯ ಹಂತ: ನೀರಿನ ಬೆನ್ನುಹತ್ತಿ

ಆ ಹನಿಯ ದಾರಿಯನ್ನು ಕಣ್ಣಾರೆ ಕಾಣುವುದೇ ಮೂರನೆಯ ಹಂತ. ಇದರಲ್ಲಿ ಊರಿಂದೂರಿಗೆ ಹೋಗುವುದಿಲ್ಲ. ಪೆರ್ಡೂರಿನ ಸುತ್ತಲೇ, ಗುಡ್ಡದ ನೆತ್ತಿಯಿಂದ ಬಯಲಿನ ತಳದವರೆಗೆ ಇಳಿಯುವುದು. ದೂರ ಒಂದೆರಡು ಕಿಲೋಮೀಟರ್ ಅಷ್ಟೆ. ದೀಪಾವಳಿ ಕಳೆದ ಮೇಲಿನ ತಂಪು ಬೆಳಗು ಇದಕ್ಕೆ ಪ್ರಶಸ್ತ.

ಆ ವೇಳೆಗೆ ಅಡ್ಕದ ಹುಲ್ಲು ಸೊಂಟಮಟ್ಟಕ್ಕೆ ಬೆಳೆದು ಹೊಂಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ಬೀಸಿದಾಗ ಗುಡ್ಡವೇ ಅಲೆಯೆದ್ದಂತೆ ಕಾಣುತ್ತದೆ. ಇದು ಮುಳಿಹುಲ್ಲು. ಒಂದು ಕಾಲದಲ್ಲಿ ಊರಿನ ಬಡವರ ಮನೆಗಳಿಗೆಲ್ಲ ಇದೇ ಸೂರು. ಹುಲ್ಲು ಬಲಿತೊಡನೆ ಕೊಯ್ದು, ಹೊರೆ ಕಟ್ಟಿ, ಮುಂದಿನ ಮಳೆಗೆ ಮೊದಲೇ ಮಾಡಿಗೆ ಹೊದಿಸಬೇಕಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಕಾಲಕ್ರಮದಲ್ಲಿ ಹೆಂಚು ಊರೂರನ್ನು ಮುಟ್ಟಿತು. ಮುಳಿಮನೆಗಳು ಒಂದೊಂದಾಗಿ ಮರೆಯಾದವು. ಸೂರಿನ ಅಗತ್ಯ ತೀರಿದ ಮೇಲೆ ಅಡ್ಕದ ಹುಲ್ಲನ್ನು ಕೇಳುವವರು ಕಡಿಮೆಯಾದರು.

ಅಡ್ಕದ ಅಂಚಿನಲ್ಲಿ ಕೇಪಳ, ಕರಂಡೆ, ಕುಂಟಲಗಳ ಪೊದೆಗಳಿವೆ. ಬೇಸಗೆಯ ರಜೆಯಲ್ಲಿ ಊರಿನ ಮಕ್ಕಳ ನಾಲಗೆಯನ್ನು ನೀಲಿ ಮಾಡುವುದು ಇದೇ ಕುಂಟಲದ ಹಣ್ಣು. ಮನೆಯ ಉಪ್ಪಿನಕಾಯಿಯ ಭರಣಿಯನ್ನು ಸೇರುವುದು ಇದೇ ಕರಂಡೆಯ ಕಾಯಿ. ಅಲ್ಲಿಂದ ಕೆಳಗಿಳಿದರೆ ಮರಗಳ ಇಳಿಜಾರು. ಹಳೆಯ ಕೆನರಾ ಜಿಲ್ಲೆಯ ಕಂದಾಯ ಪದ್ಧತಿಯಲ್ಲಿ, ಸಾಗುವಳಿಯ ಭೂಮಿಗೆ ತಾಗಿದ ಸರಕಾರಿ ನೆಲದಿಂದ ಸೊಪ್ಪು, ಸೌದೆ, ಹುಲ್ಲುಗಳನ್ನು ಪಡೆಯುವ ಹಕ್ಕು ರೈತನಿಗಿತ್ತು. ಇದನ್ನು ಕುಮ್ಕಿ ಎನ್ನುತ್ತಾರೆ. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ. ಗುಡ್ಡ ತೆಳುವಾದರೆ ಗದ್ದೆಯೂ ತೆಳುವಾಗುವುದೆಂದು ಹಿಂದಿನವರು ಲೆಕ್ಕ ಹಾಕಿಯೇ ಬಲ್ಲವರಾಗಿದ್ದರು.

ಇನ್ನೂ ಸ್ವಲ್ಪ ಇಳಿದರೆ ಕಿವಿಗೆ ನೀರಿನ ಸದ್ದು ಬೀಳುತ್ತದೆ. ಇಲ್ಲಿಯೇ ಗುಟ್ಟಿರುವುದು. ಮುರಕಲ್ಲು ಹೊರಗಿನಿಂದ ಎಷ್ಟು ಗಟ್ಟಿಯೋ ಒಳಗೆ ಅಷ್ಟೇ ತೂತುತೂತು. ಮೇಲೆ ಬಿದ್ದ ಮಳೆ ಆ ತೂತುಗಳಲ್ಲಿ ಸೋಸಿಕೊಂಡು ಇಳಿದು, ಕಲ್ಲಿನ ಅಡಿಯಲ್ಲಿರುವ ಶೇಡಿಮಣ್ಣಿನ ಪದರಕ್ಕೆ ಬಂದು ತಡೆಯಲ್ಪಡುತ್ತದೆ. ಕೆಳಗಿಳಿಯಲಾರದ ನೀರು ಪಕ್ಕಕ್ಕೆ ಸರಿಯುತ್ತ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಹುಲ್ಲಿನ ಬೇರು ಮಳೆಯ ಓಟವನ್ನು ತಡೆದಷ್ಟೂ ಕಲ್ಲು ಹೆಚ್ಚು ಕುಡಿಯುತ್ತದೆ; ಕಲ್ಲು ಕುಡಿದಷ್ಟೂ ಒರತೆ ಹೆಚ್ಚು ದಿನ ಬಾಳುತ್ತದೆ. ಅಡ್ಕವೆಂದರೆ ಊರಿನ ನೆತ್ತಿಯ ಮೇಲೆ ನಿಸರ್ಗ ಇಟ್ಟ ನೀರಿನ ಕೊಪ್ಪರಿಗೆ.

ಹಿರಿಯರು ಇದನ್ನರಿತೇ ಗುಡ್ಡದ ಮಡಿಲಿನಲ್ಲಿ ಮದಕಗಳನ್ನು ಕಟ್ಟಿದರು. ಮೂರು ಕಡೆ ಇಳಿಜಾರಿರುವ ತಗ್ಗಿಗೆ ನಾಲ್ಕನೆಯ ಕಡೆ ಮಣ್ಣಿನ ಏರಿ ಹಾಕಿ ಮಳೆಯ ನೀರನ್ನು ನಿಲ್ಲಿಸಿದರೆ ಅದೇ ಮದಕ. ಮಳೆ ನಿಂತ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟಿ ಹರಿವ ನೀರನ್ನು ತಡೆಹಿಡಿದರು. ಆ ನೀರಿನ ಆಯಸ್ಸಿಗೆ ತಕ್ಕಂತೆ ಗದ್ದೆಗಳಿಗೂ ಹೆಸರು ಬಂತು. ಮೇಲುಮಟ್ಟದ, ಮಳೆಯೊಂದನ್ನೇ ನಂಬಿದ ಗದ್ದೆ ಬೆಟ್ಟು. ಅದರಲ್ಲಿ ಏಣೆಲು ಎಂಬ ಒಂದೇ ಬೆಳೆ. ನಡುಮಟ್ಟದ್ದು ಮಜಲು, ಅದರಲ್ಲಿ ಏಣೆಲಿನ ಮೇಲೆ ಸುಗ್ಗಿ. ತಳದ್ದು ಬೈಲು, ಅಲ್ಲಿ ಏಣೆಲು, ಸುಗ್ಗಿಗಳಾದ ಮೇಲೆ ಬೇಸಗೆಯಲ್ಲಿ ಕೊಳಕೆ ಎಂಬ ಮೂರನೆಯ ಬೆಳೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನಗಳಲ್ಲಿ ಕೊಳಕೆಯ ಗದ್ದೆ ಹಸುರಾಗಿ ನಿಂತಿದ್ದರೆ, ಅದಕ್ಕೆ ನೀರೂಡಿಸಿದ್ದು ಆರು ತಿಂಗಳ ಹಿಂದೆ ಅಡ್ಕದ ಮೇಲೆ ಬಿದ್ದ ಮಳೆ. ಬೋಳುಗುಡ್ಡದ ಬೆಲೆ ಯಾವುದೆಂಬ ಪ್ರಶ್ನೆಗೆ ಬೈಲಿನ ಅಂಚಿನಲ್ಲಿ ಉತ್ತರ ಸಿಕ್ಕಂತಾಯಿತು.

ನಾಲ್ಕನೆಯ ಹಂತ: ಘಟ್ಟದ ಬುಡಕ್ಕೆ

ಮಾಘದ ತಂಪಿನಲ್ಲಿ ಪೆರ್ಡೂರಿನಿಂದ ಶಿವಪುರದ ಮೂಲಕ ಹೆಬ್ರಿಗೆ ನಡೆದರೆ ನಾಲ್ಕನೆಯ ಹಂತ. ಮುಂದೆ ಹೋದಂತೆ ಬಯಲುಗಳು ಕಿರಿದಾಗುತ್ತವೆ, ಮರಗಳು ಎತ್ತರವಾಗುತ್ತವೆ, ನೆರಳು ದಟ್ಟವಾಗುತ್ತದೆ. ಮಣಿಪಾಲದ ಅಂಚಿನಿಂದ ಮೋಡದಂತೆ ತೋರಿದ್ದ ಘಟ್ಟದ ಸಾಲು ಈಗ ಕಣ್ಣೆದುರಿಗೇ ಗೋಡೆಯಂತೆ ನಿಲ್ಲುತ್ತದೆ. ಉಡುಪಿಯ ಸುತ್ತಮುತ್ತ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ, ಆ ಗೋಡೆಯ ನೆತ್ತಿಯ ಆಗುಂಬೆಯಲ್ಲಿ ಬೀಳುವುದು 7000 ಮಿಲಿಮೀಟರಿಗೂ ಹೆಚ್ಚು.

ಹೆಬ್ರಿಯಲ್ಲಿ ತಂಗುವವರು ಮರುದಿನ ಕಾರ್ಕಳದ ದಾರಿ ಹಿಡಿದು ವರಂಗಕ್ಕೆ ಹೋಗಿಬರಬಹುದು. ಅಲ್ಲಿಯ ಕೆರೆಬಸದಿಗೆ ದೋಣಿಯಲ್ಲಿ ಹೋಗಬೇಕು; ತಾವರೆಯ ಎಲೆಗಳ ನಡುವೆ ಹುಟ್ಟುಹಾಕುತ್ತ ದೇವರನ್ನು ಕಾಣುವ ಭಾಗ್ಯ ಎಲ್ಲೆಡೆ ದೊರೆಯುವಂಥದಲ್ಲ. ಹೆಬ್ರಿಯಿಂದ ಮುಂದಿನದು ಸೋಮೇಶ್ವರ ಅಭಯಾರಣ್ಯದ ಕಾಡು. 1974ರಲ್ಲಿ ಘೋಷಿತವಾದ ಈ ಅಭಯಾರಣ್ಯ ಸಿಂಗಳೀಕಗಳಿಗೂ ಕಾಳಿಂಗಸರ್ಪಗಳಿಗೂ ಆಸರೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ದಾರಿ ಬಿಟ್ಟು ಕಾಲಿಡಲಾಗದು; ಸಂಸಾರದ ನಡಿಗೆಯನ್ನು ಹೆಬ್ರಿಯಲ್ಲಿ ನಿಲ್ಲಿಸುವುದೇ ವಿವೇಕ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಾಡಿಗೆ ಅಭಯವಿದೆ, ಕಾವಲಿದೆ, ಕಾನೂನಿದೆ. ಕಾಡು ಅಮೂಲ್ಯವೆಂದು ಶಾಲೆಯ ಮಗುವೂ ಬಲ್ಲದು. ನಡಿಗೆಯವರು ದಾಟಿಬಂದ ಅಡ್ಕಗಳಿಗೆ ಮಾತ್ರ ಅಂತಹ ಅಭಯವಿಲ್ಲ. ಮರವಿಲ್ಲದ ನೆಲವನ್ನು ಬರಿದೆಂದು ಬಗೆಯುವುದು ಮನುಷ್ಯನ ಹಳೆಯ ಅಭ್ಯಾಸ. ಅಮೆರಿಕದ ನಡುನಾಡಿನಲ್ಲಿ ಪ್ರೇರಿಯೆಂಬ ಹುಲ್ಲುಗಾವಲು ಕಣ್ಣು ಹರಿಯುವಷ್ಟು ದೂರ ಹಬ್ಬಿತ್ತು. ವಲಸೆ ಬಂದವರು ಅದನ್ನು ಉತ್ತು ಹೊಲ ಮಾಡಿದರು. ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ ಪ್ರೇರಿಯಲ್ಲಿ ನೂರಕ್ಕೆ 4 ಪಾಲೂ ಈಗ ಉಳಿದಿಲ್ಲ. ಉಳಿದ ತುಣುಕುಗಳನ್ನು ಕಾಪಾಡಲೆಂದು ಆ ದೇಶ 1996ರಲ್ಲಿ ಕಾನ್ಸಾಸ್ ಪ್ರಾಂತದಲ್ಲಿ ಒಂದು ರಾಷ್ಟ್ರೀಯ ರಕ್ಷಿತ ಹುಲ್ಲುಗಾವಲನ್ನೇ ಮಾಡಬೇಕಾಯಿತು. ಇಂದು ಜನರು ದೂರದೂರದಿಂದ ಬಂದು ಅದರ ಹಾದಿಗಳಲ್ಲಿ ನಡೆಯುತ್ತಾರೆ. ಕಳೆದುಕೊಂಡ ಮೇಲೆ ಬೆಲೆ ತಿಳಿದುದಕ್ಕೆ ಇದೊಂದು ದೊಡ್ಡ ಉದಾಹರಣೆ.

ಬೇಸಗೆಯಲ್ಲಿ ಮತ್ತೊಮ್ಮೆ

ನಾಲ್ಕು ಹಂತಗಳನ್ನು ಮುಗಿಸಿದವರು ಏಪ್ರಿಲ್ ತಿಂಗಳಿನಲ್ಲಿ ಒಂದು ಮುಂಜಾನೆ ಮತ್ತೆ ಪೆರ್ಡೂರಿನ ಕಡೆ ಬರಬೇಕು. ಆಗ ಕಾಣುವ ನೋಟ ಮುದ ಕೊಡುವಂಥದಲ್ಲ. ಆದರೂ ಅದನ್ನು ಕಾಣದೆ ನಡಿಗೆ ಪೂರ್ಣವಾಗುವುದಿಲ್ಲ.

ಮುರಕಲ್ಲಿಗೆ ಈಗ ಎಲ್ಲಿಲ್ಲದ ಬೇಡಿಕೆ. ಹಿಂದೆ ಆಳುಗಳು ಕೈಯಿಂದ ಒಂದೊಂದಾಗಿ ಕಡಿದು ತೆಗೆಯುತ್ತಿದ್ದ ಕಲ್ಲನ್ನು ಇಂದು ಯಂತ್ರದ ಗರಗಸ ದಿನಕ್ಕೆ ನೂರಾರು ಲೆಕ್ಕದಲ್ಲಿ ಸೀಳುತ್ತದೆ. ಕರಾವಳಿಯ ಎಷ್ಟೋ ಅಡ್ಕಗಳು ಆಳವಾದ ಹೊಂಡಗಳಾಗಿವೆ. ಎಷ್ಟೋ ಕಡೆ ಹುಲ್ಲಿನ ಜಾಗದಲ್ಲಿ ಅಕೇಶಿಯಾ ಮರಗಳ ಸಾಲುಗಳೆದ್ದಿವೆ. ಇನ್ನು ಹಲವೆಡೆ ನಿವೇಶನಗಳ ಗಡಿಕಲ್ಲುಗಳು. ಮನೆ ಬೇಕು, ಕಲ್ಲೂ ಬೇಕು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಪೆರ್ಡೂರಿನ ಬೈಲಿನಲ್ಲಿ ಗದ್ದೆ ಉಳುವವನಿಗೂ ಮಗನಿಗೊಂದು ಗಟ್ಟಿ ಮನೆ ಕಟ್ಟಿಸುವ ಆಸೆಯಿರುವುದಿಲ್ಲವೆ? ಆದರೆ ಕೊಪ್ಪರಿಗೆಯನ್ನೇ ಒಡೆದು ಗೋಡೆ ಕಟ್ಟಿದರೆ ಆ ಮನೆಯ ಬಾವಿಗೆ ನೀರೆಲ್ಲಿಂದ ಬರಬೇಕು? 4000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ 2019ರ ಬೇಸಗೆಯಲ್ಲಿ ಬಜೆಯ ಅಣೆಕಟ್ಟು ತಳಕಂಡು, ಉಡುಪಿ ನಗರಕ್ಕೆ ಸರದಿಯಂತೆ ನೀರು ಹಂಚಬೇಕಾಯಿತು. ಮಳೆಯ ಏರುಪೇರು, ಜನರ ಹೆಚ್ಚಳ, ಕೊಳವೆಬಾವಿ ಎಂದು ಅದಕ್ಕೆ ಕಾರಣಗಳನ್ನು ಹಲವು ಹೇಳಬಹುದು. ಗುಡ್ಡದ ನೆತ್ತಿಯಲ್ಲಿ ನೀರನ್ನು ಹಿಡಿದಿಡುವ ಕೈಗಳು ಸಡಿಲಾಗುತ್ತಿರುವುದನ್ನೂ ಆ ಪಟ್ಟಿಯಿಂದ ಬಿಡುವಂತಿಲ್ಲ.

ಇಷ್ಟಾದರೂ ನಿರಾಶೆಗೆ ಕಾರಣವಿಲ್ಲ. ಅಡ್ಕಗಳೆಲ್ಲವೂ ಅಳಿದಿಲ್ಲ. ಬೆಳಗಿನ ಹೊತ್ತು ಹೋದರೆ ಟಿಟ್ಟಿಭ ಹಕ್ಕಿ ಬರಿಗಲ್ಲಿನ ಮೇಲೆ ಮೊಟ್ಟೆಯಿಟ್ಟು, ಬಂದವರ ತಲೆಯ ಮೇಲೆ ಹಾರಾಡಿ ಗದರಿಸುವುದನ್ನು ಈಗಲೂ ಕಾಣಬಹುದು. ಒಣಗಿ ಸುಟ್ಟಂತಿರುವ ಆ ಕಲ್ಲಿನ ಬಿರುಕುಗಳಲ್ಲಿ ಸೋಣದ ಹೂಗಳ ಬೀಜಗಳು ಮೊದಲ ಮಳೆಗೆ ಕಾದಿರುತ್ತವೆ.

ನಡೆಯುವವರಿಗೆ ಕೆಲವು ಮಾತು

ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಹಾವಸೆ ಬೆಳೆದು ಜಾರುತ್ತದೆ. ಹಿಡಿತವಿರುವ ಪಾದರಕ್ಷೆ ಬೇಕು. ಗುಡುಗು ಮಿಂಚಿನ ಸೂಚನೆ ಕಂಡೊಡನೆ ಬಯಲಿನಿಂದ ಇಳಿದುಬಿಡಬೇಕು. ಕಲ್ಲು ತೆಗೆದ ಹೊಂಡಗಳಲ್ಲಿ ನಿಂತ ನೀರು ನೋಡಲು ಕೊಳದಂತಿದ್ದರೂ ಅಂಚು ಕಡಿದಾಗಿರುತ್ತದೆ, ಆಳ ತಿಳಿಯದು. ಮಕ್ಕಳನ್ನು ಹತ್ತಿರ ಬಿಡಲೇಬಾರದು. ಗದ್ದೆಯ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ನಡೆದರೆ ಪೈರಿಗೆ ಕೇಡಿಲ್ಲ. ಖಾಸಗಿ ತೋಟವನ್ನು ಹಾಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಹಾಗೆ ಕೇಳಲು ನಿಂತಾಗ ಒಂದು ಸಂಗತಿ ನಡೆಯುವುದುಂಟು. ಬಿಸಿಲಿನಲ್ಲಿ ಬಂದವರನ್ನು ಕಂಡು ಮನೆಯೊಡತಿ ಚಾವಡಿಯಲ್ಲಿ ಕೂರಿಸಿ, ಒಳಗಿನಿಂದ ಒಂದು ತುಂಡು ಬೆಲ್ಲವನ್ನೂ ಒಂದು ಚೊಂಬು ನೀರನ್ನೂ ತಂದಿಡುತ್ತಾಳೆ. ತುಳುನಾಡಿನ ಹಳೆಯ ಆತಿಥ್ಯವದು. ಪರಿಚಯ, ಜಾತಕ ಎಲ್ಲ ಆಮೇಲೆ. ಬೆಲ್ಲ ಕಚ್ಚಿ ಆ ತಣ್ಣನೆಯ ಬಾವಿನೀರನ್ನು ಕುಡಿಯುವಾಗ, ನಾಲ್ಕು ಹಂತಗಳನ್ನೂ ನಡೆದವರ ಕಣ್ಣು ತಾನಾಗಿ ಮನೆಯ ಹಿಂದಿನ ಗುಡ್ಡದತ್ತ ತಿರುಗುತ್ತದೆ. ಚೊಂಬಿನಲ್ಲಿರುವ ನೀರು ಎಲ್ಲಿಂದ ಬಂದಿತೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.